ಗಂಡರಗಂಡನನ್ನು ಓದುವ ಬಗೆ

ಉಲ್ಹಾಸನಗರದ ಕನ್ನಡಿಗರು ನಾಲ್ವರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ಅಂಬರನಾಥದ ಗುಡಿ ಕಟ್ಟಿಸಿದವರು ನಮ್ಮವರೇ. ಗುಡಿ ಪಕ್ಕದ ಊರಿನದು, ಕಾಲ ಶಿಲಾಹಾರರದು. ಈ ಮಾತಿಗೆ ಬೆನ್ನೆಲುಬಾಗಿರುವುದು ವಾಸುದೇವ ವಿಷ್ಣು ಮಿರಾಶಿಯವರ ಶಿಲಾಹಾರ ಶಾಸನ ಸಂಪುಟ (1977). ದೊಡ್ಡ ಕೆಲಸ. ಅದರ ಒಂದು ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು.

ಉತ್ತರ ಕೊಂಕಣದ ಶಿಲಾಹಾರರ ತಾಮ್ರಪಟಗಳ ಭಾಷೆ ಸಂಸ್ಕೃತ, ಲಿಪಿ ನಾಗರಿ, ಬಳೆಯ ಮುದ್ರೆಯಲ್ಲಿ ಗರುಡ. ಆದರೆ ಬಿರುದುಗಳ ಸಾಲಿನಲ್ಲಿ ಗಂಡರಗಂಡ, ನನ್ನಿಸಮುದ್ರ ಇವೆ. ಗಂಡರಗಂಡದ ನಡುವಿನ 'ರ' ಅಪ್ಪಟ ಕನ್ನಡ ಷಷ್ಠಿ; ನನ್ನಿ ಎಂದರೆ ಹಳಗನ್ನಡದಲ್ಲಿ ದಿಟ. ಮಿರಾಶಿ ಇವನ್ನು ಕನ್ನಡವೆಂದು ಗುರುತಿಸಿ, ವಂಶದ ಮೂಲ ಕನ್ನಡ ನಾಡು ಎಂದರು. ಗುರುತಿಸಿದ್ದು ಸರಿ. ಅಲ್ಲಿಂದ ಮನೆಮಾತಿಗೆ ಜಿಗಿಯುವುದು ನನಗೆ ಒಪ್ಪಿಗೆಯಿಲ್ಲ.

ಭಿವಂಡಿ ಬಳಿ ಸಿಕ್ಕ ಅಪರಾಜಿತನ ಭಾದಾಣೆ ಶಾಸನ ನೋಡಿ. ಕಾಲ 997. ರಾಷ್ಟ್ರಕೂಟರು ಬಿದ್ದು ಎರಡು ದಶಕ ಕಳೆದಿದೆ. ಆದರೂ ಶಾಸನ ಮೊದಲು ಹಾಡುವುದು ಅವರ ವಂಶಾವಳಿಯನ್ನೇ, ಅವರ ಪತನಕ್ಕೆ ಮರುಗುತ್ತದೆ ಕೂಡ. ಒಡೆಯರನ್ನು ಇಷ್ಟು ನೆನೆಯುವ ಸಾಮಂತ ಅವರ ಆಸ್ಥಾನದ ಬಿರುದುಗಳನ್ನೂ ತೊಟ್ಟಿರಬಹುದಲ್ಲವೇ? ಬಿರುದು ಆಸ್ಥಾನದ ಉಡುಪು. ಅಡುಗೆಮನೆಯಲ್ಲಿ ಯಾವ ಮಾತಿತ್ತೆಂದು ಅದು ಹೇಳುವುದಿಲ್ಲ.

ಬೈಜಾಂಟಿಯಮ್ಮಿನ ಸೀಸದ ಮುದ್ರೆಗಳನ್ನು ಓದುವವರಿಗೆ ಈ ಎಚ್ಚರ ಅಭ್ಯಾಸವಾಗಿದೆ. "ಪ್ರಭುವೇ, ನಿನ್ನ ಸೇವಕನಿಗೆ ನೆರವಾಗು" ಎಂಬ ಪ್ರಾರ್ಥನೆ ಮತ್ತೆ ಮತ್ತೆ ಬರುವುದರಿಂದ ಸವೆದ ಅಕ್ಷರವನ್ನೂ ತುಂಬಬಹುದು. ಹೆಸರು, ಪದವಿಗಳ ಜಾಗದಲ್ಲಿ ಹಾಗೆ ತುಂಬುವಂತಿಲ್ಲ. ನಾವು ತುಂಬುವುದು ಸರಿಯಾಗಿ ಅಲ್ಲೇ, ಅದೂ ಅಭಿಮಾನದಿಂದ!

ಒಂದು ಅಂಕಿಯ ಬೆಲೆ ಅಂಬರನಾಥಕ್ಕೇ ಗೊತ್ತು. ಅಲ್ಲಿನ ಶಾಸನದ ಕಾಲವನ್ನು ಭಾವು ದಾಜಿ ಶಕ 782 ಎಂದು ಓದಿದರು. ಭಗವಾನಲಾಲ್ ಇಂದ್ರಜಿ 982 ಎಂದು ತಿದ್ದಿದರು. ಅಂದರೆ 860 ಅಲ್ಲ, 1060. ಹಳೆಯ ಓದೇ ಉಳಿದಿದ್ದರೆ ಮಾಮ್ವಾಣಿರಾಜ ತನ್ನ ಪೂರ್ವಜ ಎರಡನೆಯ ಕಪರ್ದಿಯ ಕಾಲಕ್ಕೇ ಹೋಗಿ ಕೂರುತ್ತಿದ್ದ.

ಇನ್ನೊಂದು ಬಿರುದು 'ಮಲಗಲಗಂಡ'. ನಾಗರಿಯಲ್ಲಿ ಹ್ರಸ್ವ 'ಎ' ಇಲ್ಲ. 'ಳ' ಜಾಗದಲ್ಲಿ 'ಲ' ಬರೆದಿರುವುದು ಸಾಧ್ಯ. ನನ್ನ ಕಿವಿಗೆ ಅದು 'ಮಲೆಗಳ ಗಂಡ'. ಹೊಯ್ಸಳರ 'ಮಲೆಪರೊಳ್ ಗಂಡ' ನೆನಪಾಗುತ್ತದೆ. ಆದರೆ ಈ ಓದಿಗೆ ಕಿವಿಯೊಂದೇ ಸಾಲದು. ಅಚ್ಚಾದ ಪಾಠ ಬಿಟ್ಟು ತಾಮ್ರಪಟದ ಪಡಿಯಚ್ಚನ್ನೇ ಮುಂದಿಟ್ಟುಕೊಂಡು, ಪಟದಿಂದ ಪಟಕ್ಕೆ ಆ ಐದಾರು ಅಕ್ಷರ ಹೇಗೆ ಬದಲಾಗುತ್ತವೆಂದು ನೋಡಬೇಕು. ಹಳಗನ್ನಡ ಬಲ್ಲವರು ಈ ಕಡೆ ನಮ್ಮಲ್ಲಿ ಇದ್ದಾರೆ.