ಹೊದಿಕೆ ಕದಿಯಹೊರಟ ಭಿಕ್ಷು

ಜಪಾನಿನ ಬೌದ್ಧ ನೀತಿಕಥೆಗಳ ಮಾತು ಬಂದರೆ ಎಲ್ಲರೂ ಮೊದಲು ನೆನೆಯುವುದು ಹಸಿದ ಅತಿಥಿಗಾಗಿ ಬೆಂಕಿಗೆ ಹಾರಿ ಚಂದ್ರನಲ್ಲಿ ನೆಲೆಸಿದ ಮೊಲವನ್ನು. ಆದರೆ ಈ ಪರಂಪರೆಯ ಬುಡದಲ್ಲಿ ಕರುಣೆಗಿಂತ ಲೆಕ್ಕಾಚಾರವೇ ಹೆಚ್ಚು. ನಾರಾ ಪಟ್ಟಣದ ಯಾಕುಶಿಜಿ ವಿಹಾರದ ಭಿಕ್ಷು ಕ್ಯೋಕಾಯ್ ಒಂಬತ್ತನೇ ಶತಮಾನದ ಆರಂಭದಲ್ಲಿ ಕಲೆಹಾಕಿದ 'ನಿಹೋನ್ ರ್ಯೋಇಕಿ'ಯ 116 ಕಥೆಗಳಲ್ಲಿ ಬಹುಪಾಲು ಕರ್ಮದ ಜಮಾಖರ್ಚೇ.

ಒಂದನ್ನು ನೋಡಿ. ಪ್ರಾಯಶ್ಚಿತ್ತದ ವಿಧಿ ಮಾಡಿಸಬೇಕೆಂದ ಸಿರಿವಂತನೊಬ್ಬ, ದಾರಿಯಲ್ಲಿ ಮೊದಲು ಎದುರಾದ ಭಿಕ್ಷುವನ್ನೇ ಕರೆತರಲು ಆಳನ್ನು ಅಟ್ಟುತ್ತಾನೆ. ಬಂದ ಭಿಕ್ಷುವಿಗೆ ರಾತ್ರಿ ಒಳ್ಳೆಯ ಹೊದಿಕೆ ಸಿಗುತ್ತದೆ. ನಾಳೆಯ ದಕ್ಷಿಣೆಗೆ ಕಾಯುವುದಕ್ಕಿಂತ ಇದನ್ನೇ ಹೊತ್ತು ಹೋದರೇನು ಅಂತ ಅವನ ಯೋಚನೆ. ಆಗ ಕದಿಯಬೇಡ ಅನ್ನುವ ದನಿ ಕೇಳುತ್ತದೆ. ನೋಡಿದರೆ ಅಲ್ಲಿರುವುದು ಎತ್ತೊಂದೇ! ಹಿಂದಿನ ಜನ್ಮದಲ್ಲಿ ಅದು ಈ ಮನೆಯ ಯಜಮಾನನ ತಂದೆ. ಯಾರಿಗೋ ಕೊಡಲೆಂದು ಮಗನಿಗೆ ಹೇಳದೆ ಹತ್ತು ಸಿವುಡು ಭತ್ತ ತೆಗೆದದ್ದಕ್ಕೆ ಈಗ ನೊಗ ಹೊರುತ್ತಿದೆ. ಮರುದಿನ ಭಿಕ್ಷುವಿನಿಂದ ವಿಷಯ ತಿಳಿದ ಮಗ ಪರೀಕ್ಷೆಗೆಂದು ಹಾಸಿದ ಆಸನದ ಮೇಲೆ ಎತ್ತು ಮಂಡಿಯೂರಿ ಕೂರುತ್ತದೆ. ಮಗ ಅತ್ತು ಕ್ಷಮಿಸುತ್ತಾನೆ. ಅಂದೇ ಅದರ ಪ್ರಾಣ ಹೋಗುತ್ತದೆ. ಹೊದಿಕೆ ಭಿಕ್ಷುವಿಗೇ ಉಡುಗೊರೆಯಾಗುತ್ತದೆ.

ಕರ್ಮವನ್ನು ನಂಬಿ ಅನ್ನುತ್ತಾನೆ ಕ್ಯೋಕಾಯ್. ನಂಬೋಣ. ಆದರೆ ಕೊಡಲೆಂದು ತೆಗೆದವನಿಗೆ ನೊಗ, ಕದಿಯಲೆಂದು ಕೈಚಾಚಿದವನಿಗೆ ಉಡುಗೊರೆ! ಉಪದೇಶಕನಿಗೆ ಕಾಣದ ಈ ಓರೆಯನ್ನು ಕಥೆ ಮಾತ್ರ ಮುಚ್ಚಿಡುವುದಿಲ್ಲ. ಈ ಪರಂಪರೆ ಇನ್ನೂ ಓದಿಸಿಕೊಳ್ಳುತ್ತಿರುವುದು ಇದರಿಂದಲೇ, ನೀತಿಯ ಬಾಲದಿಂದಲ್ಲ.

ಚಿತ್ರಗಳಲ್ಲಿ ಆ ಬಾಲವೂ ಇಲ್ಲ. ಹನ್ನೆರಡನೇ ಶತಮಾನದ 'ಗಾಕಿ ಜೋಶಿ', ಅಂದರೆ ಹಸಿದ ಪ್ರೇತಗಳ ಸುರುಳಿಚಿತ್ರ, ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದರಲ್ಲೊಂದು ಕಡೆ ಎತ್ತರದ ಮರದ ಪಾದರಕ್ಷೆ ಮೆಟ್ಟಿದ ಜನ ಬೀದಿಯಲ್ಲೇ ಮಲವಿಸರ್ಜನೆಗೆ ಕೂತಿದ್ದಾರೆ. ಹೊಟ್ಟೆ ಉಬ್ಬಿದ ಪ್ರೇತಗಳು ಆ ಮಲಕ್ಕಾಗಿ ಸುತ್ತ ಹೊಂಚುಹಾಕಿವೆ. ಕೂತವರಿಗೆ ಇದರ ಪರಿವೆಯೇ ಇಲ್ಲ. ಜಿಪುಣತನದ ಫಲವನ್ನು ತೋರಿಸಬೇಕಿದ್ದ ಕಲಾವಿದ ಊರಿನ ಬೀದಿಯನ್ನೇ ಕಣ್ಣಮುಂದೆ ತಂದಿಟ್ಟಿದ್ದಾನೆ.

ಎಲ್ಲ ಚಿತ್ರಗಳೂ ಇಷ್ಟು ಮುಕ್ತವಲ್ಲ. ಮುಂದಿನ ಶತಮಾನಗಳಲ್ಲಿ ಕುಮಾನೋ ಕ್ಷೇತ್ರದ ಭಿಕ್ಷುಣಿಯರು ಊರೂರು ಸುತ್ತಿ, ನರಕದ ಪಟ ಬಿಚ್ಚಿ ಹೆಂಗಸರಿಗೆ ಕಥೆ ಹೇಳುತ್ತಿದ್ದರು. ಆ ಪಟದಲ್ಲೊಂದು ರಕ್ತದ ಕೊಳ. ಹೆರಿಗೆಯ, ಮುಟ್ಟಿನ ರಕ್ತದಿಂದ ನೆಲಜಲ ಕೆಡಿಸಿದ 'ಪಾಪ'ಕ್ಕೆ ಹೆಣ್ಣು ಅದರಲ್ಲಿ ಮುಳುಗಬೇಕು. ಭಯ ಹುಟ್ಟಿಸಿ ಪರಿಹಾರ ನೀಡುವ ಈ ವ್ಯವಹಾರವನ್ನು ಲೋಕಕಲ್ಯಾಣ ಅನ್ನಲು ನನಗೆ ಮನಸ್ಸಿಲ್ಲ. ಹೇಳುವವರೂ ಹೆಂಗಸರೇ ಆಗಿದ್ದರೆಂಬುದು ಇನ್ನಷ್ಟು ಕಸಿವಿಸಿ.

ಇದೇ ಪರಂಪರೆ ತನ್ನ ಸಂತರನ್ನು ನೋಡಿ ನಗಬಲ್ಲದು ಕೂಡ. ಹನ್ನೆರಡನೇ ಶತಮಾನದ ಬೃಹತ್ ಸಂಕಲನ 'ಕೊಂಜಾಕು ಮೊನೊಗತಾರಿಶೂ' ಮೊದಲ ಐದು ಸಂಪುಟಗಳನ್ನು ಭಾರತದ ಕಥೆಗಳಿಗೇ ಮೀಸಲಿಟ್ಟಿದೆ. ಅಲ್ಲಿನ ಒಂಟಿಕೊಂಬಿನ ತಪಸ್ವಿ ನಮ್ಮ ಋಷ್ಯಶೃಂಗನೇ. ಶೃಂಗೇರಿ ಬಳಿಯ ಕಿಗ್ಗಾದಲ್ಲಿ ಇಂದಿಗೂ ಮಳೆಗಾಗಿ ಅವನಿಗೆ ಪೂಜೆ ಸಲ್ಲುತ್ತದೆ. ಬೌದ್ಧ ಗ್ರಂಥಗಳ ಹಾದಿಯಲ್ಲಿ ಚೀನಾ ದಾಟಿ ಜಪಾನು ಸೇರಿದವನು ಮಾತ್ರ ತದ್ವಿರುದ್ಧ: ಮಳೆಗೆ ಒದ್ದೆಯಾದ ಬೆಟ್ಟದಲ್ಲಿ ಕಾಲು ಜಾರಿದ್ದಕ್ಕೆ ಸಿಟ್ಟಾಗಿ ನಾಗರಾಜರನ್ನೇ ಕೂಡಿಹಾಕಿ ಬರ ತರುತ್ತಾನೆ. ಕೊನೆಗೆ ತನ್ನನ್ನು ಮರುಳುಮಾಡಿದ ಹೆಣ್ಣನ್ನು ಬೆನ್ನ ಮೇಲೆ ಹೊತ್ತು ಊರವರ ನಗೆಪಾಟಲಾಗುತ್ತಾನೆ.

ಮುಂದೆ ಅವನು ನೋ ನಾಟಕದ ಪಾತ್ರವಾದ. 1742ರಲ್ಲಿ ಒಸಾಕಾದ ಕಬುಕಿ ರಂಗದಲ್ಲಿ ನರುಕಾಮಿ ಎಂಬ ಹೆಸರಿನ ಅರ್ಚಕನಾಗಿ ಮತ್ತೆ ಬಂದ. ಅಲ್ಲಿ ರಾಜಕುಮಾರಿ ಅವನಿಗೆ ಮದ್ಯ ಕುಡಿಸಿ, ಮಂತ್ರದ ಹಗ್ಗ ಕತ್ತರಿಸಿ ಮಳೆ ತರಿಸುತ್ತಾಳೆ. ಬೋಧನೆಗೆಂದು ಹೊರಟ ಕಥೆ ಪ್ರೇಕ್ಷಕರ ಕೈಸೇರಿದ್ದು ಹೀಗೆ. ಅದರಿಂದ ಅದಕ್ಕೆ ನಷ್ಟವಾದಂತೆ ನನಗೆ ಕಾಣುವುದಿಲ್ಲ.