ಇಂಗ್ಲಿಷ್ ಕಲಿಕೆಯ ಆ್ಯಪ್ ಮತ್ತು ಕಾಸರಗೋಡಿನ ಕನ್ನಡ ಮಗು
ಇಂಥ ಆ್ಯಪ್‌ಗಳ ಪದಪಟ್ಟಿಯ ಬಗ್ಗೆಯೇ ನನ್ನ ತಕರಾರು. ಡಾಲ್ಚ್ 1936ರಲ್ಲಿ ಕೊಟ್ಟ 220 ಪದಗಳು ಇಂಗ್ಲಿಷ್ ಮಾತು ಬಲ್ಲ ಮಕ್ಕಳ ಓದಿಗೆ ಹೊಂದಿಸಿದ್ದು; ಅದರಲ್ಲಿ ನಾಮಪದಗಳೇ ಇಲ್ಲ. ‘ಆಫ್’, ‘ಟು’ ಇವುಗಳಿಗೆ ಕನ್ನಡದಲ್ಲಿ ಬಿಡಿ ಪದ ಎಲ್ಲಿದೆ ಹೇಳಿ? ನಮ್ಮಲ್ಲಿ ಅದು ವಿಭಕ್ತಿ: ಮನೆಯ, ಮನೆಗೆ. ಹಾಗಾಗಿ ಒಂದು ಪದಕ್ಕೆ ಒಂದು ಅರ್ಥ ಅನ್ನೋ ಕಾರ್ಡು ಇಲ್ಲಿ ನಡೆಯಲ್ಲ, ವಾಕ್ಯವೇ ಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳ ಮನೆಮಾತು ತುಳು, ಇಲ್ಲವೇ ಹವ್ಯಕ, ಓದು ಕನ್ನಡದಲ್ಲಿ. ಕೇರಳವೆಂದು ಆ್ಯಪ್ ಮಲಯಾಳದಲ್ಲೇ ಅರ್ಥ ಕೊಟ್ಟರೆ ಇಂಗ್ಲಿಷಿನ ಜೊತೆ ಇನ್ನೊಂದು ಲಿಪಿಯೂ ಅಡ್ಡ ಬರುತ್ತೆ. ಆ ಮಕ್ಕಳ ಬಾಯಲ್ಲಿ ಬಸ್ಸು, ಬೆಂಚು, ಪೆನ್ಸಿಲು ಆಗಲೇ ಇವೆ. ಕೊನೆಯ ಉಕಾರವನ್ನು ತಪ್ಪೆಂದು ಕೆಂಪು ಮಾಡುವ ಬದಲು ಪಾಠ ಅಲ್ಲಿಂದಲೇ ಶುರುವಾಗಲಿ. ಅರ್ಥದ ಭಾಷೆಯನ್ನು ಜಿಲ್ಲೆ ನೋಡಿ ನಿರ್ಧರಿಸದೆ ಮೊದಲ ಪರದೆಯಲ್ಲೇ ಕೇಳಲಿ ಎಂಬುದು ನನ್ನ ಸಲಹೆ.