ಒಂಟಿತನ: ಬಂದದ್ದೋ, ಹೇರಿದ್ದೋ?

ಒಂಟಿತನ ಮನುಷ್ಯನನ್ನು ಕೊಲ್ಲುತ್ತದೆ ಅಂತ ಈಗ ಡಾಕ್ಟರರೇ ಹೇಳುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ; ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟು. ಹೃದಯರೋಗ, ಲಕ್ವ, ಸಕ್ಕರೆ ಕಾಯಿಲೆ, ಖಿನ್ನತೆ ಇವೆಲ್ಲ ಅದರಿಂದ ಹೆಚ್ಚುತ್ತವೆ. ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ. ಒಳ್ಳೇದು. ಆದರೆ ಕೇರಿಯವರು ಕೇಳಬೇಕಾದ ಪ್ರಶ್ನೆ ಬೇರೆ ಐತಿ: ಈ ಒಂಟಿತನ ತಾನಾಗಿ ಬಂದದ್ದೋ, ಯಾರೋ ಹೇರಿದ್ದೋ?

ಕನ್ನಡದ ನವ್ಯರು ಒಂಟಿತನವನ್ನು ಬೇಕಾದಷ್ಟು ಬರೆದರು. 1965ರ 'ಸಂಸ್ಕಾರ'ವನ್ನೇ ತಗೊಳ್ರಿ. ನಾರಣಪ್ಪನ ಹೆಣ ಸುಡುವವರು ಯಾರು ಅಂತ ಅಗ್ರಹಾರ ತಲೆ ಕೆಡಿಸಿಕೊಂಡು ಕೂತಾಗ, ಅದೇ ಪ್ಲೇಗಿಗೆ ಹೊಲಗೇರಿಯಲ್ಲೂ ಜನ ಸಾಯುತ್ತಾರೆ. ಅಲ್ಲಿ ಹೆಣದ ಸಮೇತ ಗುಡಿಸಲಿಗೆ ಬೆಂಕಿ. ಅನಂತಮೂರ್ತಿ ಇದನ್ನು ಕಂಡಿಲ್ಲವೆಂದಲ್ಲ, ಕಂಡು ಬರೆದಿದ್ದಾರೆ. ಆದರೆ ಕಾದಂಬರಿ ಆ ಬೂದಿಯ ಹತ್ತಿರ ನಿಲ್ಲದೆ ಪ್ರಾಣೇಶಾಚಾರ್ಯರ ಬೆನ್ನು ಹತ್ತಿ ಹೋಗುತ್ತದೆ. ಆಚಾರ್ಯರಿಗೆ ಗುರುತು ಮರೆಸಿಕೊಂಡು ನಡೆಯಲು ದಾರಿಯಿದೆ, ಬೇಡವೆಂದರೂ ಜೊತೆ ಬಿಡದ ಪುಟ್ಟನಿದ್ದಾನೆ. ಬೆಳ್ಳಿಗೆ ಯಾರಿದ್ದಾರೆ? ಆಚಾರ್ಯರದು ಜಾತಿಯಿಂದ ಹೊರನಡೆದವನ ಒಂಟಿತನ. ಬೆಳ್ಳಿಯದು ಜಾತಿ ಹೊರಗಿಟ್ಟವಳ ಒಂಟಿತನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನಮ್ಮ ವಿಮರ್ಶೆಯ ದೋಷ.

ಇದರ ಎದುರಿಗೆ ದೇವನೂರ ಮಹಾದೇವರ 'ಒಡಲಾಳ' ಇಟ್ಟು ನೋಡ್ರಿ. ಸಾಕವ್ವನ ಮನೆಯಲ್ಲಿ ಜಗಳಕ್ಕೇನು ಕಡಿಮೆಯಿಲ್ಲ. ಆದರೂ ರಾತ್ರಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ತಿನ್ನುತ್ತಾರೆ. ಹಸಿವಷ್ಟೇ ಅಲ್ಲ, ಕಳವಿನ ಭಯವನ್ನೂ ಹಂಚಿಕೊಳ್ಳುತ್ತಾರೆ. ಮನುಷ್ಯನನ್ನು ಬದುಕಿಸುವ ಸಂಬಂಧ ಅಂದರೆ ಇದೇ. ಆದರೆ ಬೆಳಗಾದರೆ ಪೊಲೀಸರು ಆ ಗುಡಿಸಲಿಗೇ ಬರುತ್ತಾರೆ. ಮನೆಯೊಳಗಿನ ಅಕ್ಕರೆಯೊಂದೇ ಊರಿನ ಗೋಡೆ ಕೆಡವಲಾರದು. ಮಹಾದೇವ ಇದನ್ನು ಭಾಷಣ ಮಾಡದೆ ತೋರಿಸುತ್ತಾರೆ.

ನಮ್ಮ ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗದ ಮನೆಯಲ್ಲಿ ಒಬ್ಬರು ನೇಯ್ದರೆ ಇನ್ನೊಬ್ಬರು ಕಂಡಿಕಿ ಸುತ್ತುತ್ತಿದ್ದರು, ಮಾತಿಗೆ ಎಡೆಯಿತ್ತು. ಆ ಓಣಿಗೂ ಜಾತಿ ಇತ್ತು, ಅದನ್ನು ಹಾಡಿ ಹೊಗಳಬೇಕಾಗಿಲ್ಲ. ಆದರೆ ವಿದ್ಯುತ್ ಮಗ್ಗದ ಶೆಡ್ಡಿನೊಳಗ ಪಕ್ಕದವ ಒದರಿದರೂ ಕೇಳಂಗಿಲ್ಲ. ನೇಯ್ದಷ್ಟಕ್ಕೇ ಕೂಲಿ, ನಿಂತು ಮಾತಾಡಿದರೆ ಹೊಟ್ಟೆಗೆ ಹೊಡೆತ. ಸಾಲದ ಸಂಕಟವನ್ನು ಒಬ್ಬನೇ ನುಂಗಬೇಕು. ಇಂಥವನಿಗೆ 'ನಾಲ್ಕು ಮಂದಿ ಕೂಡ ಬೆರಿ' ಅಂತ ಚೀಟಿ ಬರೆದುಕೊಟ್ಟರೆ ಏನು ಬಂತು? ಮೊದಲು ಕೂಲಿ ಕೇಳಬೇಕು, ಬಿಡುವು ಕೇಳಬೇಕು, ಸಂಘ ಕಟ್ಟಬೇಕು. ಕೂಡಿ ಕೇಳುವ ಜಾಗದಲ್ಲೇ ಗೆಳೆತನ ಹುಟ್ಟುತ್ತದೆ.

ಹೊರಗಿಡುವುದು ಅಪರಾಧ ಅಂತ ಕಾನೂನಿಗೂ ಗೊತ್ತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ದಲಿತರ, ಆದಿವಾಸಿಗಳ ಮೇಲೆ ಸಾಮಾಜಿಕ ಇಲ್ಲವೆ ಆರ್ಥಿಕ ಬಹಿಷ್ಕಾರ ಹಾಕುವುದನ್ನು ಶಿಕ್ಷಾರ್ಹ ಮಾಡಿತು. ಕಾನೂನು ಒಪ್ಪಿದ ಸತ್ಯವನ್ನು ವೈದ್ಯ ತನ್ನ ಚೀಟಿಯಲ್ಲಿ, ವಿಮರ್ಶಕ ತನ್ನ ಓದಿನಲ್ಲಿ ಇನ್ನೂ ಬರೆಯಬೇಕಾಗಿದೆ.

ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಗೆಳೆಯರೆ, ಬಿಸಿಯೂಟದ ಹೊತ್ತಿಗೆ ಒಂದು ಮಗು ದೂರ ಕೂತಿದ್ದರೆ 'ನೀ ಯಾಕ ಬೆರೆಯಂಗಿಲ್ಲ?' ಅಂತ ಅದನ್ನು ಕೇಳಬೇಡ್ರಿ. ಅದರ ಪಕ್ಕದಿಂದ ಎದ್ದು ಹೋದವರು ಯಾರು, ಎಬ್ಬಿಸಿದವರು ಯಾರು ಅಂತ ಕೇಳ್ರಿ.